ಬಾಲಿಕಾ ಕಾದಂಬರಿಗಳಲ್ಲಿ ಶೋಕವೂ ವ್ರೀಡೆಯೂ

ಆಂಗ್ಲಭಾಷೆಯಲ್ಲಿ ಎಂಟರಿಂದ ಹದಿಮೂರು ವರ್ಷ ವಯಸ್ಸಿನ ಬಾಲಿಕೆಯರಿಗಾಗಿ ರಚಿತವಾದ ಗದ್ಯಕಥೆಗಳು ಸುಮಾರು ಒಂದೂವರೆ ಶತಮಾನದಿಂದ ಒಂದು ಪ್ರತ್ಯೇಕ ಸಾಹಿತ್ಯಶಾಖೆಯಾಗಿ ಬೆಳೆದು ಬಂದಿವೆ. ಇವುಗಳಲ್ಲಿ ಮೇಲೆನಿಸಿದ ಗ್ರಂಥಗಳನ್ನು ಒಂದೆಡೆ ಇಟ್ಟು ಪರಿಶೀಲಿಸಿದರೆ ಎರಡು ಸಂಗತಿಗಳು ಮತ್ತೆ ಮತ್ತೆ ಕಾಣಬರುತ್ತವೆ. ಮನೆಯವರಲ್ಲಿ ಒಬ್ಬರ ಅಗಲಿಕೆಯು ಮೊದಲನೆಯದು. ಆ ಅಗಲಿಕೆಯ ಜೊತೆಯಲ್ಲಿಯೇ ಲೋಕದ ಮುಂದೆ ಆ ಮನೆಗೆ ಒದಗುವ ನಾಚಿಕೆಯು ಎರಡನೆಯದು. ತಂದೆಯು ಸೆರೆಮನೆಗೆ ಹೋಗಿರುತ್ತಾನೆ, ಇಲ್ಲವೆ ಸಾಲಗಾರನಾಗಿ ಸತ್ತಿರುತ್ತಾನೆ, ಇಲ್ಲವೆ ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಿರುತ್ತಾನೆ. ತಾಯಿಯು ಮನೆ ಬಿಟ್ಟು ಹೋಗಿರುತ್ತಾಳೆ. ಇದರ ಭಾರವನ್ನು ಹೊರತಕ್ಕವಳು ಮನೆಯ ಹುಡುಗಿ. ಈ ಕಥೆಗಳ ಚರಿತ್ರೆಯನ್ನು ಪ್ರಕಟಣೆಯ ವರ್ಷಗಳ ಕ್ರಮದಿಂದ ಬರೆಯುವುದು ಸುಲಭ. ಆದರೆ ಅವುಗಳಿಗೆ ಒಳಗಿನ ಚರಿತ್ರೆಯೊಂದುಂಟು. ಮನೆಯ ಗುಟ್ಟು ಯಾರಿಗೆ ತಿಳಿದಿದೆ, ಅದನ್ನು ಯಾರು ಯಾರಿಂದ ಮರೆಮಾಡುತ್ತಾರೆ ಎಂಬ ಪ್ರಶ್ನೆಗೆ ಒಂದೊಂದು ಕಾಲವು ಕೊಟ್ಟ ಉತ್ತರವೇ ಆ ಚರಿತ್ರೆ. ಅದರ ಮುಖ್ಯ ಘಟ್ಟಗಳನ್ನು ಗುರುತಿಸುವುದು ಈ ಲೇಖನದ ಉದ್ದೇಶವಾಗಿದೆ.

ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯು ಇಲ್ಲಿ ಉಪಯುಕ್ತವಾಗಿದೆ. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಕರುಣರಸಕ್ಕೆ ಶೋಕವನ್ನು ಸ್ಥಾಯಿಯೆಂದು ಹೇಳಿ, ಇಷ್ಟಜನವಿಪ್ರಯೋಗ, ವಿಭವನಾಶ, ಬಂಧ ಮೊದಲಾದವುಗಳನ್ನು ಅದರ ವಿಭಾವಗಳಾಗಿ ಎಣಿಸಿದ್ದಾನೆ. ಪ್ರಿಯರ ಅಗಲಿಕೆ, ಐಶ್ವರ್ಯದ ನಾಶ, ಸೆರೆ ಎಂಬ ಈ ಮೂರರಲ್ಲಿಯೇ ಬಾಲಿಕಾ ಕಾದಂಬರಿಗಳ ಬಹುಪಾಲು ಕಥಾವಸ್ತುವು ಅಡಗಿದೆ. ನಾಚಿಕೆಯಾದರೋ ವ್ರೀಡೆ ಎಂಬ ಹೆಸರಿನಿಂದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದಾಗಿದೆ. ಎಂದರೆ ಬಂದು ಹೋಗತಕ್ಕ ಭಾವ. ಮೇಲಾಗಿ ಅದು ತಾನು ಮಾಡಬಾರದುದನ್ನು ಮಾಡಿದುದರಿಂದ ಹುಟ್ಟತಕ್ಕುದೆಂದು ಭರತನ ಮತ. ಅದರ ಅನುಭಾವಗಳಲ್ಲಿ ಮುಖವನ್ನು ಮರೆಮಾಡುವುದು, ತಲೆ ತಗ್ಗಿಸಿ ಚಿಂತಿಸುವುದು, ನೆಲವನ್ನು ಕೆರೆಯುವುದು, ಉಟ್ಟ ಬಟ್ಟೆಯನ್ನು ಮುಟ್ಟಿಕೊಳ್ಳುವುದು, ಉಗುರು ಕಚ್ಚುವುದು ಇವು ಸೇರಿವೆ. ಬಾಲಿಕಾ ಕಾದಂಬರಿಗಳು ಈ ಲಕ್ಷಣವನ್ನು ಎರಡು ಕಡೆಗಳಲ್ಲಿ ಮೀರಿ ಹೋಗುತ್ತವೆ. ಇಲ್ಲಿ ಹುಡುಗಿಯು ತಪ್ಪು ಮಾಡಿಲ್ಲ. ನಾಚಿಕೆಯು ಹಿರಿಯರಿಂದ ಆಸ್ತಿಯಂತೆ ಅವಳಿಗೆ ಇಳಿದು ಬಂದಿದೆ. ಮತ್ತು ಅದು ಬಂದು ಹೋಗುವುದಿಲ್ಲ. ಶೋಕದ ಪಕ್ಕದಲ್ಲಿ ಕಥೆಯುದ್ದಕ್ಕೂ ನಿಂತಿರುತ್ತದೆ. ಉಟ್ಟ ಬಟ್ಟೆಯ ವಿಷಯದಲ್ಲಿ ಮಾತ್ರ ಭರತನ ಮಾತು ಅಕ್ಷರಶಃ ಸತ್ಯವಾಗಿದೆಯೆಂಬುದು ಮುಂದೆ ತಿಳಿಯುವುದು.

ಈ ಶಾಖೆಯ ಮೂಲಗ್ರಂಥವೆಂದು ಪರಿಗಣಿಸಬೇಕಾದುದು ಅಮೆರಿಕದ ಲೂಯಿಸಾ ಮೇ ಆಲ್ಕಾಟಳ 'ಲಿಟ್ಲ್ ವಿಮೆನ್'. ಬಾಸ್ಟನ್ನಿನ ರಾಬರ್ಟ್ಸ್ ಬ್ರದರ್ಸ್ ಸಂಸ್ಥೆಯ ಟಾಮಸ್ ನೈಲ್ಸನು ಹುಡುಗಿಯರಿಗಾಗಿ ಒಂದು ಪುಸ್ತಕ ಬರೆದುಕೊಡಬೇಕೆಂದು ಕೇಳಿದುದರಿಂದ ಈಕೆ ಮನಸ್ಸಿಲ್ಲದೆಯೇ ಇದನ್ನು ಆರಂಭಿಸಿದಳು. ಮೊದಲ ಭಾಗವು 1868ರಲ್ಲಿಯೂ ಎರಡನೆಯ ಭಾಗವು 1869ರಲ್ಲಿಯೂ ಹೊರಬಂದವು. ನಾಲ್ವರು ಅಕ್ಕತಂಗಿಯರ ತಂದೆಯಾದ ಮಾರ್ಚನು ಅಮೆರಿಕದ ಅಂತರ್ಯುದ್ಧದಲ್ಲಿ ಸೈನ್ಯದ ಪಾದ್ರಿಯಾಗಿ ಹೋಗಿದ್ದಾನೆ. ಮನೆಯು ಬಡತನಕ್ಕೆ ಇಳಿದಿದೆ. ಬಡತನಕ್ಕೆ ಗ್ರಂಥಕರ್ತ್ರಿಯು ಒಂದೇ ವಾಕ್ಯದಲ್ಲಿ ಕಾರಣ ಹೇಳಿ ಮುಗಿಸುತ್ತಾಳೆ: ಕಷ್ಟದಲ್ಲಿದ್ದ ಸ್ನೇಹಿತನೊಬ್ಬನಿಗೆ ನೆರವಾಗಲು ಹೋಗಿ ತಂದೆಯು ಆಸ್ತಿಯನ್ನು ಕಳೆದುಕೊಂಡನಂತೆ.

ಈ ಒಂದು ವಾಕ್ಯದ ಹಿಂದೆ ಗ್ರಂಥಕರ್ತ್ರಿಯ ಸ್ವಂತ ಮನೆಯ ಕಥೆಯಿದೆ. ಆಕೆಯ ತಂದೆ ಬ್ರಾನ್ಸನ್ ಆಲ್ಕಾಟನು ತತ್ತ್ವಜ್ಞಾನಿ. ಸಂಪಾದನೆಯ ಶಕ್ತಿ ಅವನಿಗೆ ಇರಲಿಲ್ಲ. 1843ರ ಬೇಸಗೆಯಲ್ಲಿ ಚಾರ್ಲ್ಸ್ ಲೇನ್ ಎಂಬವನೊಡನೆ ಮ್ಯಾಸಚೂಸೆಟ್ಸಿನ ಹಾರ್ವರ್ಡ್ ಎಂಬ ಹಳ್ಳಿಯಲ್ಲಿ ಫ್ರೂಟ್‌ಲ್ಯಾಂಡ್ಸ್ ಎಂಬ ಆದರ್ಶಗ್ರಾಮವನ್ನು ಸ್ಥಾಪಿಸಿದನು. ಅಲ್ಲಿ ಮಾಂಸ, ಹಾಲು ನಿಷಿದ್ಧ. ಗುಲಾಮರ ದುಡಿಮೆಯಿಂದ ಬಂದುದೆಂದು ಹತ್ತಿಯ ಬಟ್ಟೆಯೂ ನಿಷಿದ್ಧ. ಚಳಿಗಾಲ ಬರುವಷ್ಟರಲ್ಲಿ ಧಾನ್ಯ ತೀರಿತು. 1844ರ ಜನವರಿಯಲ್ಲಿ ಕುಟುಂಬವು ಅದನ್ನು ಬಿಟ್ಟು ಹೊರಟಿತು. ಆಗ ಲೂಯಿಸಾಳಿಗೆ ಹನ್ನೊಂದು ವರ್ಷ. ಈ ಸೋಲನ್ನು ಆಕೆ 1873ರಲ್ಲಿ ಹಾಸ್ಯಲೇಖನವೊಂದರಲ್ಲಿ ಹೇಳಿಕೊಂಡಳೇ ಹೊರತು ಹುಡುಗಿಯರ ಕಾದಂಬರಿಯಲ್ಲಿ ಹೇಳಲಿಲ್ಲ. ಇನ್ನೊಂದು ಬದಲಾವಣೆಯೂ ಗಮನಾರ್ಹ. ಕಾದಂಬರಿಯಲ್ಲಿ ತಂದೆಯು ವಾಷಿಂಗ್ಟನ್ನಿನ ಆಸ್ಪತ್ರೆಯಲ್ಲಿ ಮಲಗುತ್ತಾನೆ. ತಾಯಿಯ ಪ್ರಯಾಣದ ಖರ್ಚಿಗಾಗಿ ಜೋ ತನ್ನ ಕೂದಲನ್ನು ಇಪ್ಪತ್ತೈದು ಡಾಲರುಗಳಿಗೆ ಮಾರುತ್ತಾಳೆ. ವಾಸ್ತವದಲ್ಲಿ ಯುದ್ಧದ ಆಸ್ಪತ್ರೆಗೆ ದಾದಿಯಾಗಿ ಹೋದವಳು ಲೂಯಿಸಾಳೇ. 1863ರ ಜನವರಿಯಲ್ಲಿ ವಿಷಮಜ್ವರದಿಂದ ಬಿದ್ದವಳೂ ಅವಳೇ. ತಂದೆಯು ಹೋಗಿ ಅವಳನ್ನು ಕರೆತಂದನು. ಮನೆಗೆ ಗೌರವ ತರತಕ್ಕ ಕಷ್ಟವನ್ನು ಮಗಳು ತಂದೆಗೆ ಬಿಟ್ಟುಕೊಟ್ಟಿದ್ದಾಳೆ. ಅವನ ಸೋಲನ್ನು ಔದಾರ್ಯವನ್ನಾಗಿ ಮಾರ್ಪಡಿಸಿದ್ದಾಳೆ. ಇಲ್ಲಿ ಗುಟ್ಟನ್ನು ಕಾಯುವವಳು ಗ್ರಂಥಕರ್ತ್ರಿಯೇ ಆಗಿದ್ದಾಳೆ. ಅದು ಓದುಗರಿಗೂ ತಿಳಿಯಬಾರದು.

ಹೀಗೆ ತಂದೆಯ ಸೋಲನ್ನು ಮರೆಮಾಡಿದರೂ ನಾಚಿಕೆಯು ಬೇರೆ ಬಾಗಿಲುಗಳಿಂದ ಒಳಗೆ ಬರುತ್ತದೆ. ಹಿರಿಯವಳಾದ ಮೆಗ್ ಸಿರಿವಂತರ ಮನೆಗೆ ಹೋಗಿ, ಎರವಲು ಉಡುಪನ್ನು ತೊಟ್ಟು, ತನ್ನ ತಾಯಿಯು ಶ್ರೀಮಂತ ಅಳಿಯನಿಗಾಗಿ ಉಪಾಯ ಮಾಡುತ್ತಿದ್ದಾಳೆಂದು ಜನ ಆಡಿಕೊಳ್ಳುವುದನ್ನು ಕೇಳುತ್ತಾಳೆ. ಕಿರಿಯವಳಾದ ಏಮಿ ಶಾಲೆಯಲ್ಲಿ ಅಂಗೈಗೆ ಪೆಟ್ಟು ತಿಂದು ಎಲ್ಲರೆದುರು ನಿಲ್ಲುತ್ತಾಳೆ. ಇವು ವ್ಯಭಿಚಾರಿಭಾವದಂತೆ ಬಂದು ಹೋಗುವ ನಾಚಿಕೆಗಳು. ತಾಯಿಯ ಒಂದು ಮಾತಿನಿಂದ ಶಾಂತವಾಗುತ್ತವೆ. ಬೆತ್‌ಳ ಮರಣವೊಂದೇ ಶಾಂತವಾಗುವುದಿಲ್ಲ. 1858ರಲ್ಲಿ ತೀರಿಕೊಂಡ ತಂಗಿ ಎಲಿಜಬೆತ್‌ಳ ನೆನಪಿನಿಂದ ಬರೆದ ಆ ಭಾಗದಲ್ಲಿ ಗ್ರಂಥಕರ್ತ್ರಿಯು ಏನನ್ನೂ ಮರೆಮಾಡಿಲ್ಲ. ಸಾವನ್ನು ಹೇಳಬಹುದು, ಸಾಲವನ್ನು ಹೇಳಬಾರದು ಎಂಬ ಕಾಲವದು.

ಸಾಲವನ್ನು ಹೇಳಿದವಳು ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್. ಈಕೆ 1849ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದಳು. ಬಾಲ್ಯದಲ್ಲಿಯೇ ತಂದೆ ತೀರಿಕೊಂಡನು. ತಾಯಿಯು ಅವನ ವ್ಯಾಪಾರವನ್ನು ನಡೆಸಿಕೊಂಡು ಬಂದಳು. ಅಮೆರಿಕದ ಯುದ್ಧದಿಂದ ಹತ್ತಿಯ ಸರಬರಾಯಿ ನಿಂತು ಮ್ಯಾಂಚೆಸ್ಟರ್ ನಗರವೇ ಸೊರಗಿದಾಗ ಆ ವ್ಯಾಪಾರವೂ ಕುಸಿಯಿತು. 1865ರಲ್ಲಿ ಕುಟುಂಬವು ಟೆನ್ನೆಸೀ ಪ್ರಾಂತಕ್ಕೆ ವಲಸೆ ಹೋಯಿತು. ವಿಭವನಾಶವನ್ನು ಕಣ್ಣಾರೆ ಕಂಡ ಈಕೆಯ 'ಸಾರಾ ಕ್ರೂ' ಎಂಬ ಕಥೆಯು 1887ರ ಕೊನೆಯಿಂದ ಮಾಸಪತ್ರಿಕೆಯೊಂದರಲ್ಲಿ ಬಂದು, 1888ರಲ್ಲಿ ಪುಸ್ತಕವಾಗಿ, ಬಳಿಕ ನಾಟಕವಾಗಿ, ಕಡೆಗೆ 1905ರಲ್ಲಿ 'ಎ ಲಿಟ್ಲ್ ಪ್ರಿನ್ಸೆಸ್' ಎಂಬ ವಿಸ್ತಾರವಾದ ಕಾದಂಬರಿಯಾಯಿತು. ಇಂಡಿಯಾದಿಂದ ಲಂಡನ್ನಿನ ವಸತಿಶಾಲೆಗೆ ಬಂದ ಸಾರಾಳಿಗೆ ಹನ್ನೊಂದನೆಯ ಹುಟ್ಟುಹಬ್ಬದ ದಿನವೇ ತಂದೆಯ ಮರಣವಾರ್ತೆಯೂ ಅವನ ಹಣವೆಲ್ಲ ವಜ್ರದ ಗಣಿಯಲ್ಲಿ ಮುಳುಗಿತೆಂಬ ವಾರ್ತೆಯೂ ಒಟ್ಟಿಗೆ ಬರುತ್ತವೆ. ಮಿಸ್ ಮಿಂಚಿನ್ ಎಂಬ ಶಾಲೆಯ ಯಜಮಾನಿಯು ಅವಳನ್ನು ಅಟ್ಟಕ್ಕೆ ಕಳುಹಿಸಿ, ಮೈಗೆ ಸಾಲದ ಹಳೆಯ ಕಪ್ಪು ಅಂಗಿಯನ್ನು ತೊಡಿಸಿ, ಆಳಾಗಿ ಮಾಡಿಕೊಳ್ಳುತ್ತಾಳೆ.

ಈ ಕಾದಂಬರಿಯಲ್ಲಿ ಎಲ್ಲಕ್ಕಿಂತ ತೀಕ್ಷ್ಣವಾದ ಸನ್ನಿವೇಶವು ಹಸಿವಿನದೂ ಅಲ್ಲ, ಚಳಿಯದೂ ಅಲ್ಲ. ಎದುರುಮನೆಯ ಪುಟ್ಟ ಹುಡುಗನೊಬ್ಬನು ಸಾರಾಳನ್ನು ಭಿಕ್ಷುಕಿಯೆಂದು ತಿಳಿದು ಕನಿಕರದಿಂದ ಆರು ಪೆನ್ನಿಯ ನಾಣ್ಯವನ್ನು ನೀಡುತ್ತಾನೆ. ಅವಳ ಮುಖ ಕೆಂಪಾಗುತ್ತದೆ. ಬೇಡವೆಂದರೆ ಕೊಡಬಂದವನ ಮನಸ್ಸು ನೋಯುವುದೆಂದು ಅವಳು ಅದನ್ನು ಸ್ವೀಕರಿಸುತ್ತಾಳೆ; ಆಮೇಲೆ ರಂಧ್ರ ಮಾಡಿ ದಾರದಲ್ಲಿ ಕೊರಳಿಗೆ ಕಟ್ಟಿಕೊಳ್ಳುತ್ತಾಳೆ. ನಾಚಿಕೆಯನ್ನು ಮರೆಮಾಡದೆ ಆಭರಣವಾಗಿ ಧರಿಸುವ ಈ ಕಲ್ಪನೆ ಆ ಕಾಲಕ್ಕೆ ಹೊಸದು. ಆದರೆ ಕಥೆಯ ಮುಕ್ತಾಯವು ಹಳೆಯ ಪದ್ಧತಿಯದೇ ಆಗಿದೆ. ಗಣಿಯು ಮುಳುಗಿಲ್ಲವೆಂದು ಗೊತ್ತಾಗುತ್ತದೆ; ತಂದೆಯ ಸ್ನೇಹಿತನು ಪಕ್ಕದ ಮನೆಯಲ್ಲಿಯೇ ಸಿಕ್ಕುತ್ತಾನೆ; ಐಶ್ವರ್ಯವು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ತಂದೆಯು ಮರಳಿ ಬರಲಾರನು. ಅವನ ಹೆಸರಿಗೆ ಅಂಟಿದ ದಿವಾಳಿತನ ಮಾತ್ರ ಅಳಿಸಿಹೋಗುತ್ತದೆ.

ಬಂಧವನ್ನು ವಿಭಾವವಾಗಿ ಉಳ್ಳ ಕಾದಂಬರಿಯು ಈಡಿತ್ ನೆಸ್‌ಬಿಟ್‌ಳ 'ದಿ ರೈಲ್ವೆ ಚಿಲ್ಡ್ರನ್'. ಇದು 1905ರಲ್ಲಿ ಲಂಡನ್ನಿನ ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು 1906ರಲ್ಲಿ ಗ್ರಂಥರೂಪ ತಾಳಿತು. ಕೃಷಿ ರಸಾಯನಶಾಸ್ತ್ರಜ್ಞನಾದ ತಂದೆಯನ್ನು ಈಕೆ ನಾಲ್ಕು ವರ್ಷ ತುಂಬುವ ಮೊದಲೇ, 1862ರಲ್ಲಿ, ಕಳೆದುಕೊಂಡಿದ್ದಳು. ಮದುವೆಯ ಬಳಿಕ ಸಂಸಾರದ ಬಹುಭಾಗವನ್ನು ಲೇಖನಿಯಿಂದಲೇ ಸಾಗಿಸಿದಳು. ಕಾದಂಬರಿಯ ತಾಯಿಯೂ ಕಥೆ ಬರೆದು ಮಕ್ಕಳನ್ನು ಸಾಕುತ್ತಾಳೆ. ಒಂದು ಸಂಜೆ ಇಬ್ಬರು ಬಂದು ತಂದೆಯನ್ನು ಕರೆದುಕೊಂಡು ಹೋಗುತ್ತಾರೆ. ಏನಾಯಿತೆಂದು ಕೇಳಬೇಡಿರೆಂದು ತಾಯಿಯು ಮೂವರು ಮಕ್ಕಳಿಗೂ ಹೇಳಿ, ಮನೆ ಬಿಟ್ಟು ರೈಲುದಾರಿಯ ಪಕ್ಕದ ಹಳ್ಳಿಯನ್ನು ಸೇರುತ್ತಾಳೆ.

ಕಥೆಯ ಮೊದಲರ್ಧದಲ್ಲಿ ಗುಟ್ಟು ಹಿರಿಯರದು. ಮಕ್ಕಳು ಅದರ ನೆರಳನ್ನು ಮಾತ್ರ ಕಾಣುತ್ತಾರೆ. ಪೀಟರನು ಕಲ್ಲಿದ್ದಲು ಕದ್ದು ಸ್ಟೇಷನ್ ಮಾಸ್ತರನ ಕೈಗೆ ಸಿಕ್ಕುತ್ತಾನೆ. ಕಾಯಿಲೆಯ ತಾಯಿಗಾಗಿ ಮಕ್ಕಳು ರೈಲಿನ ವೃದ್ಧ ಮಹನೀಯನಿಂದ ಸಾಮಾನು ಕೇಳಿ ಪಡೆದಾಗ, ಮನೆಯ ಸಂಗತಿಯನ್ನು ಪರರಿಗೆ ಹೇಳಿದರೆಂದು ಅವಳು ಕೋಪಗೊಳ್ಳುತ್ತಾಳೆ. ರೈಲ್ವೆ ಕೂಲಿಯಾದ ಪರ್ಕ್ಸನ ಹುಟ್ಟುಹಬ್ಬಕ್ಕೆ ಊರವರಿಂದ ಉಡುಗೊರೆ ಕೂಡಿಸಿ ತಂದರೆ ಅವನು ಅದನ್ನು ದಾನವೆಂದು ತಿಳಿದು ಸಿಡಿಮಿಡಿಗೊಳ್ಳುತ್ತಾನೆ. ಮಾನವೆಂಬುದು ಬಡವನಿಗೂ ಉಂಟೆಂಬುದನ್ನು ಮಕ್ಕಳು ಅಲ್ಲಿ ಕಲಿಯುತ್ತಾರೆ. ಇವೆಲ್ಲ ಮುಂದಿನ ಘಟನೆಗೆ ಪೀಠಿಕೆಗಳು. ಪತ್ರಿಕೆಗಳ ಕಟ್ಟಿಗೆ ಸುತ್ತಿದ್ದ ಹಳೆಯ ವೃತ್ತಪತ್ರಿಕೆಯ ಹಾಳೆಯಲ್ಲಿ ಹಿರಿಯ ಮಗಳಾದ ರಾಬರ್ಟಾ ತನ್ನ ತಂದೆಯ ಹೆಸರನ್ನೂ ಐದು ವರ್ಷಗಳ ಕಠಿನ ಶಿಕ್ಷೆಯ ವಾರ್ತೆಯನ್ನೂ ಓದುತ್ತಾಳೆ. ಸರಕಾರದ ರಹಸ್ಯಗಳನ್ನು ರಷ್ಯಕ್ಕೆ ಮಾರಿದನೆಂಬುದು ಅಪರಾಧ. ಅವಳು ತಾಯಿಯೊಡನೆ ಬಾಗಿಲು ಹಾಕಿಕೊಂಡು ಮಾತಾಡುತ್ತಾಳೆ. ತಮ್ಮ ತಂಗಿಯರಿಗೆ ತಿಳಿಯಬಾರದೆಂದು ಒಪ್ಪಂದವಾಗುತ್ತದೆ.

ಈ ಕ್ಷಣವು ಬಾಲಿಕಾ ಕಾದಂಬರಿಯ ಚರಿತ್ರೆಯಲ್ಲಿ ಒಂದು ಸಂಧಿ. ಗುಟ್ಟು ತಾಯಿಯಿಂದ ಮಗಳಿಗೆ ದಾಟಿತು; ಕಾಯತಕ್ಕವರ ಸಂಖ್ಯೆ ಒಂದರಿಂದ ಎರಡಾಯಿತು. ರಾಬರ್ಟಾಳ ಬಾಲ್ಯವು ಮುಗಿದುದು ಆ ಹಾಳೆಯನ್ನು ಓದಿದಾಗ ಎನ್ನುವುದಕ್ಕಿಂತ, ಓದಿಯೂ ತಂಗಿಯ ಮುಂದೆ ಸುಮ್ಮನೆ ಕುಳಿತಾಗ ಎನ್ನುವುದು ಸರಿಯಾದೀತು. ಫ್ರಾನ್ಸಿನಲ್ಲಿ 1894ರಲ್ಲಿ ರಾಜದ್ರೋಹದ ಸುಳ್ಳು ಆಪಾದನೆಗೆ ಗುರಿಯಾದ ಡ್ರೇಫಸನು ನಿರ್ದೋಷಿಯೆಂದು ತೀರ್ಪಾದುದು 1906ರ ಜುಲೈ ತಿಂಗಳಿನಲ್ಲಿ. ಅದೇ ವರ್ಷ ಪುಸ್ತಕವಾಗಿ ಬಂದ ಈ ಕಥೆಯ ತಂದೆಯೂ ನಿರ್ದೋಷಿಯೆಂದು ಸಿದ್ಧವಾಗಿ ರೈಲಿನಿಂದ ಇಳಿಯುತ್ತಾನೆ. ಅವನು ಮನೆಯೊಳಗೆ ಹೋದ ಮೇಲೆ ಗ್ರಂಥಕರ್ತ್ರಿಯು ಬಾಗಿಲಿನಿಂದಲೇ ಓದುಗರನ್ನು ಹಿಂದಕ್ಕೆ ಕರೆದೊಯ್ಯುತ್ತಾಳೆ. ಮನೆಯ ಮಾತು ಹೊಸ್ತಿಲು ದಾಟಬಾರದೆಂಬ ಹಳೆಯ ಮರ್ಯಾದೆಯನ್ನು ಅವಳು ಕಡೆಯವರೆಗೂ ಪಾಲಿಸಿದ್ದಾಳೆ.

ಇಲ್ಲಿಯವರೆಗಿನ ಕಥೆಗಳಿಗೆ ಒಂದು ಸಮಾನವಾದ ಆಶ್ವಾಸನೆಯಿದೆ. ತಂದೆಯು ತಪ್ಪಿತಸ್ಥನಲ್ಲ, ಲೋಕವು ತಪ್ಪು ತಿಳಿದಿದೆ, ಕಾಲ ಬಂದಾಗ ಸತ್ಯವು ಹೊರಬೀಳುತ್ತದೆ. ನಾಚಿಕೆಗೆ ಕಾರಣವಾದುದು ನಿಜವೇ ಆಗಿದ್ದರೆ ಹುಡುಗಿಯು ಏನು ಮಾಡಬೇಕು? ಈ ಪ್ರಶ್ನೆಯನ್ನು ಆ ತಲೆಮಾರಿನವರು ಎತ್ತಲಿಲ್ಲ.

ಅದನ್ನು ಬೇರೊಂದು ದಿಕ್ಕಿನಿಂದ ಎತ್ತಿದವಳು ಅಮೆರಿಕದ ಎಲಿನರ್ ಎಸ್ಟಿಸ್. 1944ರಲ್ಲಿ ಪ್ರಕಟವಾದ ಅವಳ 'ದಿ ಹಂಡ್ರೆಡ್ ಡ್ರೆಸಸ್' ಎಂಬ ಪುಟ್ಟ ಪುಸ್ತಕದಲ್ಲಿ ವಾಂಡಾ ಪೆಟ್ರಾನ್‌ಸ್ಕಿ ಎಂಬ ಪೋಲೆಂಡ್ ಮೂಲದ ತಾಯಿಯಿಲ್ಲದ ಹುಡುಗಿಯು ದಿನವೂ ಒಂದೇ ಮಾಸಲು ನೀಲಿ ಅಂಗಿಯನ್ನು ತೊಟ್ಟು ಶಾಲೆಗೆ ಬರುತ್ತಾಳೆ. ಮನೆಯಲ್ಲಿ ನೂರು ಅಂಗಿಗಳಿವೆಯೆಂದು ಹೇಳುತ್ತಾಳೆ. ಪೆಗ್ಗಿ ಎಂಬ ಸಿರಿವಂತ ಹುಡುಗಿ ದಿನವೂ ಅವಳನ್ನು ಕೆಣಕುತ್ತಾಳೆ. ಕಥೆಯ ಕಣ್ಣು ಮಾತ್ರ ಮೂರನೆಯವಳದು. ಮ್ಯಾಡಿ ಎಂಬ ಈಕೆಯೂ ಬಡವಳು. ಪೆಗ್ಗಿಯು ಕೊಟ್ಟ ಹಳೆಯ ಉಡುಪನ್ನು ತೊಡುವವಳು. ಎಲ್ಲಿ ತನ್ನ ಸರದಿ ಬಂದೀತೋ ಎಂದು ಬಾಯಿ ಮುಚ್ಚಿಕೊಂಡಿರುವವಳು. ನೂರು ಅಂಗಿಗಳೂ ವಾಂಡಾ ಬರೆದ ಚಿತ್ರಗಳೆಂದು ತಿಳಿಯುವಾಗ ಅವಳ ಕುಟುಂಬವು ಹೀಯಾಳಿಕೆ ತಾಳಲಾರದೆ ದೊಡ್ಡ ನಗರಕ್ಕೆ ಹೊರಟುಹೋಗಿದೆ. ಆಮೇಲೆ ವಾಂಡಾಳಿಂದ ಸೌಜನ್ಯದ ಒಂದು ಕಾಗದ ಬರುತ್ತದೆ, ಅವಳು ಬರುವುದಿಲ್ಲ. ಭರತನು ಹೇಳಿದ ವ್ರೀಡೆ, ಎಂದರೆ ಮಾಡಬಾರದುದನ್ನು ಮಾಡಿದುದರಿಂದ ಹುಟ್ಟುವ ನಾಚಿಕೆ, ಈ ಕಥೆಯಲ್ಲಿ ಸರಿಯಾದ ಸ್ಥಾನಕ್ಕೆ ಬಂದು ಸೇರಿದೆ: ಅದು ಹಳೆಯ ಅಂಗಿ ತೊಟ್ಟವಳದಾಗಿ ಉಳಿಯದೆ, ನೋಡಿ ಸುಮ್ಮನಿದ್ದವಳದಾಯಿತು.

1960ರ ಬಳಿಕ ಅಮೆರಿಕದ ಬಾಲಸಾಹಿತ್ಯದಲ್ಲಿ ವಾಸ್ತವಪಂಥವು ಬಲಗೊಂಡಿತು. ಸಮಾಜದ ಬದಲಾವಣೆಯೂ ಇದಕ್ಕೆ ಕಾರಣ. ತಪ್ಪು ಯಾರದೆಂದು ಸಿದ್ಧಪಡಿಸದೆಯೇ ವಿವಾಹವಿಚ್ಛೇದ ಪಡೆಯಲು ಅವಕಾಶ ಕೊಟ್ಟ ಕ್ಯಾಲಿಫೋರ್ನಿಯಾದ ಕಾಯಿದೆಯು 1970ರಲ್ಲಿ ಜಾರಿಗೆ ಬಂದಿತು. 1972ರಲ್ಲಿ ಜೂಡಿ ಬ್ಲೂಮಳ 'ಇಟ್ಸ್ ನಾಟ್ ದಿ ಎಂಡ್ ಆಫ್ ದಿ ವರ್ಲ್ಡ್' ಹೊರಬಂದಿತು. ಅದರಲ್ಲಿ ಕ್ಯಾರೆನ್ ಎಂಬ ಹುಡುಗಿಯು ಬೇರೆಯಾಗುತ್ತಿರುವ ತಂದೆತಾಯಿಗಳನ್ನು ಕೂಡಿಸಲು ಹೂಡಿದ ಉಪಾಯಗಳೆಲ್ಲ ವಿಫಲವಾಗುತ್ತವೆ. 1977ರಲ್ಲಿ ಬಂದ ಬೆವರ್ಲಿ ಕ್ಲಿಯರಿಯ 'ರಮೋನಾ ಅಂಡ್ ಹರ್ ಫಾದರ್' ಎಂಬುದರಲ್ಲಿ ತಂದೆಯು ಕೆಲಸ ಕಳೆದುಕೊಳ್ಳುತ್ತಾನೆ. ಏಳು ವರ್ಷದ ರಮೋನಾಳಿಗೆ ಇದು ಗುಟ್ಟಲ್ಲ. ಊಟದ ಮೇಜಿನ ಮೇಲೆಯೇ ಮಾತಾಗುತ್ತದೆ. ತಾಯಿಗೆ ಬಿಡುವಿಲ್ಲದುದರಿಂದ ಕ್ರಿಸ್ಮಸ್ ನಾಟಕದಲ್ಲಿ ಕುರಿಯ ವೇಷಕ್ಕೆ ಹಳೆಯ ಪಾಯಿಜಾಮವೇ ಗತಿ; ಮಾಸಿದ ಮೊಲಗಳ ಚಿತ್ರವುಳ್ಳ ಆ ಬಟ್ಟೆಯಲ್ಲಿ ಜನರ ಮುಂದೆ ನಿಲ್ಲುವುದೆಂದರೆ ರಮೋನಾಳಿಗೆ ಪ್ರಾಣಸಂಕಟ. ದೊಡ್ಡ ಹುಡುಗಿಯರು ಅವಳ ಮೂಗಿಗೆ ಕಪ್ಪು ಹಚ್ಚಿದ ಮೇಲೆ ಅವಳು ರಂಗಕ್ಕೆ ಬರುತ್ತಾಳೆ. ತಂದೆಗೆ ಸಿಕ್ಕುವುದು ಅಂಗಡಿಯ ಗಲ್ಲದ ಮುಂದಿನ ಸಾಧಾರಣ ಕೆಲಸ, ವಜ್ರದ ಗಣಿಯಲ್ಲ. ಬಾಲಿಕಾ ಕಾದಂಬರಿಯು ಇಲ್ಲಿ ಅದ್ಭುತವನ್ನು ಬಿಟ್ಟು ದಿನಚರಿಗೆ ಇಳಿಯಿತು. ನಾಚಿಕೆಯು ಹಾಸ್ಯಕ್ಕೂ ಎಡೆಗೊಟ್ಟಿತು.

ಕ್ಯಾಥರೀನ್ ಪ್ಯಾಟರ್ಸನಳ 'ದಿ ಗ್ರೇಟ್ ಗಿಲ್ಲಿ ಹಾಪ್‌ಕಿನ್ಸ್' (1978) ಇದಕ್ಕಿಂತ ಕಠೋರವಾದುದು. ತಾಯಿಯು ಬಿಟ್ಟುಹೋದ ಹನ್ನೊಂದು ವರ್ಷದ ಗಿಲ್ಲಿಯು ಸಾಕುಮನೆಯಿಂದ ಸಾಕುಮನೆಗೆ ಅಲೆದು, ದಪ್ಪ ಶರೀರದ, ಓರಣವಿಲ್ಲದ ಟ್ರಾಟರ್ ಎಂಬವಳ ಮನೆಗೆ ಬರುತ್ತಾಳೆ. ಆ ಮನೆಯನ್ನು ಕಂಡು ನಾಚಿಕೆಪಡುತ್ತಾಳೆ. ಸುಂದರಿಯಾದ ತಾಯಿಯು ಬಂದು ತನ್ನನ್ನು ಕರೆದೊಯ್ಯುವಳೆಂಬುದೇ ಅವಳ ಸ್ವಪ್ನ. ಅದಕ್ಕಾಗಿ ದೂರು ತುಂಬಿದ ಸುಳ್ಳು ಕಾಗದವೊಂದನ್ನು ಬರೆಯುತ್ತಾಳೆ. ಅದರ ಫಲವಾಗಿ, ಪ್ರೀತಿಸಲು ಕಲಿತ ಮನೆಯನ್ನೇ ಕಳೆದುಕೊಂಡು ಕಂಡರಿಯದ ಅಜ್ಜಿಯ ಬಳಿಗೆ ಹೋಗಬೇಕಾಗುತ್ತದೆ. ತಾಯಿಯು ಬರುತ್ತಾಳೆ, ಅಜ್ಜಿಯು ಪ್ರಯಾಣದ ಹಣ ಕೊಟ್ಟುದರಿಂದ ಬಂದಿದ್ದಾಳೆ. ನೆಸ್‌ಬಿಟ್‌ಳ ಕಾದಂಬರಿಯಲ್ಲಿ ರೈಲು ನಿಲ್ದಾಣದಲ್ಲಿ ತಂದೆಯು ಇಳಿದಂತೆ ಇಲ್ಲಿ ವಿಮಾನನಿಲ್ದಾಣದಲ್ಲಿ ತಾಯಿಯು ಇಳಿಯುತ್ತಾಳೆ. ಪುನರ್ಮಿಲನದ ಚೌಕಟ್ಟು ಹಾಗೆಯೇ ಇದ್ದು ಒಳಗಿನ ಚಿತ್ರವು ತಲೆಕೆಳಗಾಗಿದೆ. ಗಿಲ್ಲಿಯು ಟ್ರಾಟರಳಿಗೆ ದೂರವಾಣಿಯಲ್ಲಿ ಮಾತಾಡಿ, ಅತ್ತು, ಅಜ್ಜಿಯ ಬಳಿಗೆ ಹಿಂದಿರುಗುತ್ತಾಳೆ. ಲೋಕವು ತಪ್ಪು ತಿಳಿದಿರಲಿಲ್ಲ. ತಪ್ಪು ತಿಳಿದವಳು ಮಗಳು.

ಈ ಚರಿತ್ರೆಯ ಮತ್ತೊಂದು ಘಟ್ಟವು 1994ರಲ್ಲಿ ಪ್ರಕಟವಾಗಿ, ಅಮೆರಿಕದ ಗ್ರಂಥಾಲಯ ಸಂಘವು ಬಾಲಸಾಹಿತ್ಯಕ್ಕಾಗಿ ಕೊಡುವ ನ್ಯೂಬೆರಿ ಪದಕವನ್ನು 1995ರಲ್ಲಿ ಪಡೆದ ಶಾರನ್ ಕ್ರೀಚಳ 'ವಾಕ್ ಟೂ ಮೂನ್ಸ್'. ಹದಿಮೂರು ವರ್ಷದ ಸಾಲಮಾಂಕಾ ತನ್ನ ಅಜ್ಜಅಜ್ಜಿಯರೊಡನೆ ಒಹಾಯೋವಿನಿಂದ ಐಡಹೋವಿನ ಲ್ಯೂಯಿಸ್ಟನ್ನಿಗೆ ಕಾರಿನಲ್ಲಿ ಹೊರಟಿದ್ದಾಳೆ. ಮನೆ ಬಿಟ್ಟು ಹೋದ ತಾಯಿಯು ಅಲ್ಲಿದ್ದಾಳೆ. ದಾರಿಯಲ್ಲಿ ಅವಳು ಗೆಳತಿ ಫೀಬಿಯ ಕಥೆಯನ್ನು ಹೇಳುತ್ತಾಳೆ. ಫೀಬಿಯ ತಾಯಿಯೂ ಮನೆ ಬಿಟ್ಟು ಹೋಗಿದ್ದಳು. ಮದುವೆಗೆ ಮೊದಲು ಹುಟ್ಟಿ, ದತ್ತುಹೋದ ಮಗನೊಬ್ಬನು ಅವಳಿಗಿದ್ದನು. ಅವನೊಡನೆ ಅವಳು ಮನೆಗೆ ಮರಳಿದಳು. ಅಪಮಾನದ ಈ ಕಥೆಯ ಕೆಳಗೆ ನಷ್ಟದ ಕಥೆಯೊಂದು ಹರಿಯುತ್ತದೆ. ಲ್ಯೂಯಿಸ್ಟನ್ನಿನಲ್ಲಿರುವುದು ತಾಯಿಯ ಸಮಾಧಿ. ಅವಳು ಬಸ್ಸಿನ ಅಪಘಾತದಲ್ಲಿ ಸತ್ತಳೆಂಬುದು ಓದುಗರಿಗೆ ಕಡೆಯಲ್ಲಿ ತಿಳಿಯುತ್ತದೆ. ತಂದೆಯ ಸ್ನೇಹಿತೆಯೆಂದು ಸಾಲಮಾಂಕಾ ದ್ವೇಷಿಸಿದ ಹೆಂಗಸು ಆ ಬಸ್ಸಿನಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ಬದುಕಿ ಉಳಿದವಳು. ಇದನ್ನು ಹಿರಿಯರು ಮರೆಮಾಡಿರಲಿಲ್ಲ. ತಾಯಿ ಸತ್ತಳೆಂದು ಮಗಳಿಗೆ ಗೊತ್ತಿತ್ತು. ಕಣ್ಣಾರೆ ಕಾಣುವವರೆಗೆ ಮನಸ್ಸು ಒಪ್ಪಿರಲಿಲ್ಲ.

ಹೀಗೆ ಗುಟ್ಟಿನ ಪಯಣವು ಸ್ಪಷ್ಟವಾಗುತ್ತದೆ. ಆಲ್ಕಾಟಳು ಅದನ್ನು ಓದುಗರಿಂದ ಮರೆಮಾಡಿದಳು. ನೆಸ್‌ಬಿಟ್‌ಳ ತಾಯಿಯು ಮಕ್ಕಳಿಂದ ಮರೆಮಾಡಿದಳು. ಮಗಳು ಅದನ್ನು ಕಂಡುಹಿಡಿದು ತಂಗಿ ತಮ್ಮಂದಿರಿಂದ ಮರೆಮಾಡಿದಳು. ಎಸ್ಟಿಸಳ ವಾಂಡಾ ಅದನ್ನು ನೂರು ಚಿತ್ರಗಳ ಹಿಂದೆ ಮುಚ್ಚಿಟ್ಟಳು. ಕ್ಲಿಯರಿಯ ಮನೆಯಲ್ಲಿ ಗುಟ್ಟೇ ಉಳಿಯಲಿಲ್ಲ. ಗಿಲ್ಲಿ ಮತ್ತು ಸಾಲಮಾಂಕಾ ಅದನ್ನು ತಮ್ಮಿಂದ ತಾವೇ ಮರೆಮಾಡಿಕೊಂಡರು. ಲೋಕವು ನಿರ್ದೋಷಿಯೆಂದು ಹೇಳುವವರೆಗೆ ಕಾದಿದ್ದ ಹುಡುಗಿಯು, ಕ್ರಮೇಣ, ಯಾರ ತೀರ್ಪಿಗೂ ಕಾಯದೆ ಸತ್ಯದ ಮುಂದೆ ನಿಲ್ಲಬಲ್ಲವಳಾದಳು. ಆಶ್ವಾಸನೆಯು ಕಡಮೆಯಾದಷ್ಟೂ ಅವಳ ಧೈರ್ಯವು ಹೆಚ್ಚಿತು.

ಇದರಿಂದ ಹಳೆಯ ಕಥೆಗಳು ಸುಳ್ಳೆಂದೂ ಹೊಸವು ಸತ್ಯವೆಂದೂ ತೀರ್ಮಾನಿಸುವುದು ಅವಸರವಾದೀತು. ತಂದೆಯ ಹೆಸರನ್ನು ವೃತ್ತಪತ್ರಿಕೆಯಲ್ಲಿ ಓದಿದ ರಾಬರ್ಟಾಳ ನೋವು, ವಿಮಾನನಿಲ್ದಾಣದಲ್ಲಿ ತಾಯಿಯ ಮುಖವನ್ನು ನೋಡಿದ ಗಿಲ್ಲಿಯ ನೋವಿಗಿಂತ ಕಡಮೆಯದಲ್ಲ. ಹಳೆಯ ಗ್ರಂಥಕರ್ತ್ರಿಯರು ಸಂಕಟವನ್ನು ಪೂರ್ಣವಾಗಿ ಬರೆದು ಮುಕ್ತಾಯದಲ್ಲಿ ಮಾತ್ರ ಕರುಣೆ ತೋರಿದರು. ತರಗತಿಯಲ್ಲಿ ಕುಳಿತಿರುವ ಹುಡುಗಿಯರಲ್ಲಿ, ಮನೆಯ ಗುಟ್ಟೊಂದನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದವಳು ಒಬ್ಬಳಾದರೂ ಇರುತ್ತಾಳೆ. ಅವಳ ತಂದೆಯು ನಿರ್ದೋಷಿಯಾಗಿರಬಹುದು, ಆಗಿಲ್ಲದೆಯೂ ಇರಬಹುದು. ರೈಲಿನಿಂದ ಇಳಿಯುವ ತಂದೆಯ ಕಥೆಯೊಂದನ್ನೇ ಓದಿಸಿದರೆ, ತಂದೆಯು ಇಳಿಯದ ಹುಡುಗಿಗೆ ಅದು ಇನ್ನೊಂದು ಅಪಮಾನವಾಗುತ್ತದೆ. ಇಳಿಯದ ಕಥೆಯೊಂದನ್ನೇ ಓದಿಸಿದರೆ, ಕಾಯುವ ಹಕ್ಕನ್ನೂ ಅವಳಿಂದ ಕಿತ್ತುಕೊಂಡಂತಾಗುತ್ತದೆ. ಎರಡು ಬಗೆಯ ಕಥೆಗಳೂ ಒಂದೇ ಕಪಾಟಿನಲ್ಲಿ ಇರತಕ್ಕುವು. ಯಾವುದನ್ನು ಎಂದು ತೆಗೆಯಬೇಕೆಂಬುದನ್ನು ಹುಡುಗಿಯು ತಾನೇ ಬಲ್ಲಳು.